ಮಳೆಗಾಲದಲ್ಲಿ ತಯಾರಿ, ಅಕ್ಟೋಬರಿನಲ್ಲಿ ಜಲೋರಿ ಪಾಸ್: ಐದು ದಿನದ ಸೈಕಲ್ ಸ್ಪರ್ಧೆ ಮಾಡಿದವರು ಅನುಭವ ಹೇಳಿ

ಪ್ರಶ್ನೆ: ತೀರ್ಥಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಬ್ಯಾಂಕಿನಲ್ಲಿ ಕೆಲಸ. ನಾಲ್ಕು ವರ್ಷಗಳಿಂದ ಗುಡ್ಡಗಾಡು ಸೈಕಲ್ ತುಳಿಯುತ್ತಿದ್ದೇನೆ, ಒಂದು ದಿನದ ಸ್ಪರ್ಧೆಗಳನ್ನು ಮೂರು ಬಾರಿ ಮುಗಿಸಿದ್ದೇನೆ. ಬರುವ ಅಕ್ಟೋಬರಿನಲ್ಲಿ ಹಿಮಾಚಲದಲ್ಲಿ ನಡೆಯುವ ಐದು ದಿನಗಳ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆ. ದಾರಿಯಲ್ಲಿ 3,120 ಮೀಟರ್ ಎತ್ತರದ ಜಲೋರಿ ಪಾಸ್ ಎಂಬ ಬೆಟ್ಟ ದಾಟುವ ಜಾಗ ಇದೆ. ತಯಾರಿಗೆ ಸಿಗುವುದು ಜೂನ್‌ನಿಂದ ಸೆಪ್ಟೆಂಬರ್. ನಮ್ಮಲ್ಲಿ ಅದು ಮಳೆ ಹಿಡಿದರೆ ಬಿಡದ ಕಾಲ. ಬೆಳಿಗ್ಗೆ ಒಂಬತ್ತೂವರೆಗೆ ಬ್ಯಾಂಕಿನಲ್ಲಿರಬೇಕು. ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಗೆಲ್ಲುವ ಆಸೆ ಇಲ್ಲ, ಐದೂ ದಿನ ಗಡುವಿನೊಳಗೆ ಮುಗಿಸಿದರೆ ಸಾಕು. ಇಂತಹ ಸ್ಪರ್ಧೆ ಮಾಡಿದವರಿಗೆ ಎಲ್ಲಿ ತಪ್ಪಿತು, ಯಾವುದು ಕೈಹಿಡಿಯಿತು, ದಯವಿಟ್ಟು ತಿಳಿಸಿ.

ಚಿಕ್ಕಮಗಳೂರಿನ ಪ್ರೌಢಶಾಲಾ ಶಿಕ್ಷಕ

ಹೆಸರು ಕೊಟ್ಟಿದ್ದೀರಿ ಎಂದು ಓದಿಯೇ ಸಂತೋಷವಾಯಿತು. ಶಿಮ್ಲಾ ಕಡೆಯ ಎಂಟಿಬಿ ಹಿಮಾಲಯ ಸ್ಪರ್ಧೆ 2005ರಲ್ಲಿ ಆರಂಭವಾದ ಮೇಲೆ ಆ ಬೆಟ್ಟದ ದಾರಿಗಳು ನಮ್ಮಂತಹ ಹವ್ಯಾಸಿಗಳ ಕನಸಿನಲ್ಲಿ ಬರಲು ಶುರುವಾದವು. ಆ ಪ್ರದೇಶದಲ್ಲಿ ನಾನು ಎರಡು ಬಾರಿ ಸ್ಪರ್ಧಿಸಿದ್ದೇನೆ. ಮೊದಲ ಬಾರಿ ಮೂರನೆಯ ದಿನ ಗಡುವು ತಪ್ಪಿ ಹೊರಬಿದ್ದೆ, ಎರಡನೆಯ ಬಾರಿ ಮುಗಿಸಿದೆ. ಈ ಎರಡರ ನಡುವೆ ನನ್ನ ಕಾಲಿಗೆ ಹೊಸ ಬಲವೇನೂ ಬಂದಿರಲಿಲ್ಲ. ಸೈಕಲ್ ಮೇಲೆ ಕುಳಿತು ತಿನ್ನುವುದನ್ನು ಕಲಿತಿದ್ದೆ.

ಆ ಮೂರನೆಯ ದಿನವನ್ನು ವಿವರವಾಗಿ ಹೇಳುತ್ತೇನೆ. ಸಟ್ಲೆಜ್ ನದಿಯ ದಂಡೆಯ ಲೂಹ್ರಿಯಿಂದ ಆನಿ, ಖನಾಗ್ ದಾಟಿ ಜಲೋರಿಗೆ ಹೋಗುವಾಗ ಎರಡು ಸಾವಿರ ಮೀಟರಿಗೂ ಹೆಚ್ಚು ಏರಬೇಕು. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಸೋಮೇಶ್ವರದಿಂದ ಆಗುಂಬೆ ಘಟ್ಟವನ್ನು ಸುಮಾರು ನಾಲ್ಕು ಬಾರಿ ಹತ್ತಿದ ಹಾಗೆ, ಆದರೆ ನಡುವೆ ಇಳಿಜಾರು ಕಡಿಮೆ. ಕೆಳಗೆ ನದಿಯ ಬದಿಯಲ್ಲಿ ಸೆಕೆ ಇತ್ತು. ಸೆಕೆಯಲ್ಲಿ ಹಸಿವು ತಿಳಿಯಲಿಲ್ಲ, ಎರಡೂವರೆ ಗಂಟೆ ಬರೀ ನೀರು ಕುಡಿದುಕೊಂಡೇ ತುಳಿದೆ. ಖನಾಗ್ ದಾಟಿದ ಮೇಲೆ ಕಣ್ಣಿಗೆ ಮಂಜು ಕವಿದ ಹಾಗಾಯಿತು. ಜೇಬಿನಲ್ಲಿ ಕಡಲೆಕಾಯಿ ಚಿಕ್ಕಿ ಇತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಹರಿಯಲು ಬೆರಳುಗಳಿಗೆ ಬಲವಿರಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದೆ, ಬೆವರಿಗೆ ಜಾರಿತು. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು, ಚಿಕ್ಕಿಯನ್ನು ಕೈಯಲ್ಲಿ ಹಿಡಿದುಕೊಂಡು, ಬಿಚ್ಚಲಾಗದೆ ಅತ್ತುಬಿಟ್ಟೆ. ಹಿಂದಿನಿಂದ ಬಂದ ಸ್ಪರ್ಧಿಯೊಬ್ಬ ಸೈಕಲ್ ನಿಲ್ಲಿಸಿ ಅದನ್ನು ಹರಿದುಕೊಟ್ಟು ಹೋದ. ಅವನ ಮುಖ ನೆನಪಿಲ್ಲ, ಋಣ ನೆನಪಿದೆ. ಅಂದಿನಿಂದ ಎಲ್ಲ ಪೊಟ್ಟಣಗಳ ಬಾಯಿಯನ್ನು ಹಿಂದಿನ ರಾತ್ರಿಯೇ ಕತ್ತರಿಯಿಂದ ಕತ್ತರಿಸಿ, ಬೆಣ್ಣೆ ಕಾಗದದಲ್ಲಿ ಸಡಿಲವಾಗಿ ಸುತ್ತಿ ಇಟ್ಟುಕೊಳ್ಳುತ್ತೇನೆ.

ಕಾರಣ ಸರಳ. ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಳ್ಳುವ ಶಕ್ತಿ ಸುಮಾರು 2,000 ಕ್ಯಾಲೊರಿ. ಗಟ್ಟಿಯಾಗಿ ತುಳಿದರೆ ಎರಡು ಮೂರು ಗಂಟೆಯಲ್ಲಿ ಅದು ಬರಿದಾಗುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತು ಎಂದೇ ಅರ್ಥ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಹೊಟ್ಟೆಗೆ ಅಭ್ಯಾಸವಾದವರು 90 ಗ್ರಾಂವರೆಗೂ ತಾಳಿಕೊಳ್ಳುತ್ತಾರೆ. ಗ್ಲೂಕೋಸ್ ಒಂದನ್ನೇ ಕುಡಿದರೆ ಕರುಳು ಗಂಟೆಗೆ 60 ಗ್ರಾಂಗಿಂತ ಹೆಚ್ಚು ಹೀರಿಕೊಳ್ಳಲಾರದು. ಫ್ರಕ್ಟೋಸ್ ಬೇರೆ ದಾರಿಯಿಂದ ಒಳಗೆ ಹೋಗುತ್ತದೆ, ಹಾಗಾಗಿ ಎರಡೂ ಸೇರಿದ್ದರೆ ಒಳ್ಳೆಯದು. ಬೆಲ್ಲದಲ್ಲಿ ಎರಡೂ ಇವೆ. ದುಬಾರಿ ಪುಡಿಗಳನ್ನೆಲ್ಲ ಬಿಟ್ಟು ನಾನು ಬಾಟಲಿಗೆ ಹಾಕುವುದು ಪಾನಕ: ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ, ಅರ್ಧ ನಿಂಬೆಹಣ್ಣು, ಕಾಲು ಚಮಚ ಉಪ್ಪು. ಜೊತೆಗೆ ಬಾಳೆಹಣ್ಣು, ಖರ್ಜೂರ. ನಾಲ್ಕನೆಯ ಗಂಟೆಯ ನಂತರ ಸಿಹಿ ನಾಲಿಗೆಗೆ ಸೇರುವುದಿಲ್ಲ. ಆಗ ಪುಳಿಯೋಗರೆಯ ಸಣ್ಣ ಉಂಡೆಗಳು ನನ್ನನ್ನು ಉಳಿಸಿವೆ. ಕೈಗಡಿಯಾರದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಸದ್ದು ಬರುವಂತೆ ಮಾಡಿಕೊಳ್ಳಿ. ಸದ್ದು ಬಂದರೆ ಬೇಕೋ ಬೇಡವೋ ಒಂದು ತುತ್ತು ತಿನ್ನಿ. ಇದನ್ನು ಜುಲೈ ತಿಂಗಳಿನಿಂದಲೇ ಶುರುಮಾಡಿ. ಕಾಲಿನ ಹಾಗೆಯೇ ಹೊಟ್ಟೆಯನ್ನೂ ಪಳಗಿಸಬೇಕು.

ಇನ್ನು ಮಳೆ. ನನ್ನ ವಾರ ಹೀಗಿತ್ತು: ಮಂಗಳವಾರ, ಬುಧವಾರ, ಗುರುವಾರ ಬೆಳಿಗ್ಗೆ ಐದಕ್ಕೆ ಮನೆಯ ಜಗಲಿಯಲ್ಲೇ ಟ್ರೈನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸಾಧನ) ಮೇಲೆ ಒಂದೊಂದು ಗಂಟೆ. ಶನಿವಾರ ಮಧ್ಯಾಹ್ನ ಎರಡೂವರೆ ಗಂಟೆ, ಭಾನುವಾರ ನಾಲ್ಕರಿಂದ ಐದು ಗಂಟೆ ಹೊರಗೆ. ಶನಿವಾರದ ದಣಿವಿನ ಮೇಲೆ ಭಾನುವಾರ ತುಳಿಯುವುದೇ ಮುಖ್ಯ, ಏಕೆಂದರೆ ಎರಡನೆಯ ದಿನದಿಂದ ಮುಂದೆ ನೀವು ಯಾವತ್ತೂ ಹಗುರವಾದ ಕಾಲಿನಲ್ಲಿ ಹೊರಡುವುದಿಲ್ಲ. ಮುಕ್ಕಾಲು ಪಾಲು ತುಳಿತ ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತನಾಡಬಹುದಾದಷ್ಟು ನಿಧಾನವಾಗಿರಲಿ. ನಿಮಗೆ ಆಗುಂಬೆ ಹತ್ತಿರವಿದೆ, ಅದು ಭಾಗ್ಯ. ಆ 14 ತಿರುವುಗಳಲ್ಲಿ ಮಂಜು ಇರುವಾಗ ಮಾತ್ರ ಹೋಗಬೇಡಿ. ತಿರುಗುವ ಬಸ್ಸಿಗೆ ಪೂರ್ತಿ ರಸ್ತೆ ಬೇಕು. ಹಿಂದಕ್ಕೂ ಮುಂದಕ್ಕೂ ದೀಪ ಉರಿಯುತ್ತಿರಲಿ. ಕೊನೆಯ ಎರಡು ವಾರ ತುಳಿಯುವ ಹೊತ್ತನ್ನು ಅರ್ಧಕ್ಕೆ ಇಳಿಸಿ. ಆಗ ಮನಸ್ಸು ಕೇಳುವುದಿಲ್ಲ, ತಯಾರಿ ಸಾಲದು ಎನಿಸುತ್ತದೆ. ಅದನ್ನು ನಂಬಬೇಡಿ.

ವಿಜಯಪುರದಿಂದ, ಸೈಕಲ್ ರಿಪೇರಿ ಮಾಡುವವನು

ತಮ್ಮಾ, ಮೇಷ್ಟ್ರು ಹೊಟ್ಟೆಯ ಬಗ್ಗೆ ಹೇಳಿದರು, ನಾನು ಸೈಕಲ್ ಬಗ್ಗೆ ಹೇಳುತ್ತೇನೆ. ನಮ್ಮ ಊರಿನಲ್ಲಿ ಕ್ರೀಡಾ ವಸತಿನಿಲಯದ ಹುಡುಗರ ಸೈಕಲ್‌ಗಳನ್ನು ನೋಡಿಕೊಂಡೇ ಕೆಲಸ ಕಲಿತವನು ನಾನು.

ಮಳೆಗಾಲದಲ್ಲಿ ತುಳಿದ ಚೈನನ್ನೇ ಹಿಮಾಲಯಕ್ಕೆ ಒಯ್ಯಬೇಡ. ಮಲೆನಾಡಿನ ಕೆಂಪು ಕೆಸರು ಅರೆಯುವ ಹಿಟ್ಟಿನಂತೆ ಕೆಲಸ ಮಾಡುತ್ತದೆ. ಅಳತೆ ಪಟ್ಟಿ ಹಾಕಿ ನೋಡು. ಹನ್ನೊಂದು, ಹನ್ನೆರಡು ಗೇರಿನ ಚೈನ್ ಶೇ 0.5ರಷ್ಟು ಹಿಗ್ಗಿದರೆ ಬದಲಾಯಿಸಬೇಕು. ಆದರೆ ಹೊಸ ಚೈನನ್ನು ಸ್ಪರ್ಧೆಯ ಹಿಂದಿನ ದಿನ ಹಾಕಬೇಡ, ಎರಡು ವಾರ ಮೊದಲೇ ಹಾಕಿ ತುಳಿದು ನೋಡು. ಹಳೆಯ ಹಲ್ಲುಗಾಲಿಯ ಮೇಲೆ ಹೊಸ ಚೈನ್ ಜಾರುತ್ತದೆಯೇ ಎಂಬುದು ಊರಿನಲ್ಲೇ ಗೊತ್ತಾಗಲಿ. ಮುಂದಿನ ಹಲ್ಲುಗಾಲಿ 32 ಹಲ್ಲಿನದಾಗಿದ್ದರೆ 30ಕ್ಕೆ ಇಳಿಸು, ಏರಿನಲ್ಲಿ ತುಳಿತ ಹಗುರವಾಗುತ್ತದೆ. ಮೂರನೆಯ ದಿನ ನನ್ನನ್ನು ನೆನೆಯುತ್ತೀಯ.

ಬ್ರೇಕ್ ಪ್ಯಾಡ್: ಕೆಸರಿನಲ್ಲಿ ರಾಳದ ಪ್ಯಾಡ್ ಬೇಗ ಸವೆಯುತ್ತದೆ, ಲೋಹ ಬೆರೆತದ್ದು ಹೆಚ್ಚು ದಿನ ಬರುತ್ತದೆ. ಎರಡು ಜೊತೆ ಹೆಚ್ಚಿಗೆ ಇಟ್ಟುಕೋ. ಟ್ಯೂಬ್‌ಲೆಸ್ ಟಯರ್‌ನೊಳಗಿನ, ತೂತು ಮುಚ್ಚುವ ದ್ರವ ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಹೊರಡುವ ವಾರ ಹೊಸದಾಗಿ ತುಂಬು. ಎಲ್ಲಕ್ಕಿಂತ ಮುಖ್ಯವಾದದ್ದು ಡಿರೇಲರ್ ಹ್ಯಾಂಗರ್. ಗೇರ್ ಬದಲಿಸುವ ಡಿರೇಲರನ್ನು ಸೈಕಲ್ ಚೌಕಟ್ಟಿಗೆ ಹಿಡಿದಿಡುವ, ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ತುಂಡು. ಒಂದೊಂದು ಕಂಪನಿಯ ಸೈಕಲ್‌ಗೆ ಒಂದೊಂದು ಆಕಾರ. ಅದು ಮುರಿದರೆ ಬಾಂಜಾರ್‌ನಲ್ಲಾಗಲಿ ಆನಿಯಲ್ಲಾಗಲಿ ನಿನ್ನ ಸೈಕಲ್‌ಗೆ ಹೊಂದುವುದು ಸಿಗುವುದಿಲ್ಲ. ಎರಡು ಕೊಂಡು ಬ್ಯಾಗಿನಲ್ಲಿ ಹಾಕು.

ರೈಲಿನಲ್ಲಿ ಕಳಿಸುವುದಾದರೆ ಸೈಕಲ್ ಅಂಗಡಿಯಲ್ಲಿ ಹಳೆಯ ರಟ್ಟಿನ ಪೆಟ್ಟಿಗೆ ಕೇಳು, ಕೊಡುತ್ತಾರೆ. ಚಕ್ರ ಬಿಚ್ಚಿದ ಮೇಲೆ ಡಿಸ್ಕ್ ಬ್ರೇಕಿನ ಎರಡು ಪ್ಯಾಡುಗಳ ನಡುವೆ ದಪ್ಪ ರಟ್ಟನ್ನು ಮಡಚಿ ತುರುಕು. ದಾರಿಯಲ್ಲಿ ಯಾರಾದರೂ ಬ್ರೇಕ್ ಒತ್ತಿದರೆ ಪಿಸ್ಟನ್‌ಗಳು ಹೊರಬಂದು ಅಂಟಿಕೊಳ್ಳುತ್ತವೆ, ಮತ್ತೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಒಬ್ಬ ಹುಡುಗ ಸ್ಪರ್ಧೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಗಾಬರಿಯಲ್ಲಿ ಇದನ್ನೇ ಕೇಳಿದ್ದ.

ಮೈಸೂರಿನಿಂದ, ನರ್ಸ್

ಸರ್, ನಾನು ಚಾಮುಂಡಿ ಬೆಟ್ಟ ಹತ್ತಿ ಹತ್ತಿಯೇ ತಯಾರಾದವಳು. ರಾತ್ರಿ ಪಾಳಿ ಮುಗಿಸಿ ತುಳಿಯುತ್ತಿದ್ದೆ, ಅದೇ ನನ್ನ ದೊಡ್ಡ ತಪ್ಪು. ನಿದ್ರೆಗೆಟ್ಟ ದಿನ ತುಳಿದ ಎರಡು ಗಂಟೆಯಿಂದ ದೇಹಕ್ಕೆ ಏನೂ ದಕ್ಕುವುದಿಲ್ಲ. ಎರಡು ವರ್ಷದ ಮಗು ರಾತ್ರಿಯೆಲ್ಲ ಎಬ್ಬಿಸಿದ್ದರೆ ಬೆಳಗಿನ ಐದು ಗಂಟೆಯ ಅಲಾರಾಂ ಆರಿಸಿ ಮಲಗಿ. ಇದನ್ನು ಸೋಮಾರಿತನ ಎಂದುಕೊಳ್ಳಬೇಡಿ.

ಈಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಕೂಡ. ನನಗೆ ಎಷ್ಟು ತುಳಿದರೂ ಸುಸ್ತು ಕಳೆಯುತ್ತಿರಲಿಲ್ಲ, ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡೆ. ಕೊನೆಗೆ ನೋಡಿದರೆ ಕಬ್ಬಿಣಾಂಶ ತಳ ಕಂಡಿತ್ತು. ಹೆಣ್ಣುಮಕ್ಕಳು ಇದನ್ನು ತಪ್ಪದೆ ನೋಡಿಸಿಕೊಳ್ಳಬೇಕು, ಆದರೆ ಸಸ್ಯಾಹಾರಿ ಗಂಡಸರಿಗೂ ಇದು ಬಂದದ್ದನ್ನು ನೋಡಿದ್ದೇನೆ.

ಎತ್ತರದ ವಿಷಯ. 3,000 ಮೀಟರಿನಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ 70. ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ, ಅಂದ ಮೇಲೆ ಕರ್ನಾಟಕದಲ್ಲಿ ಇದಕ್ಕೆ ತಯಾರಿ ಮಾಡಲು ಜಾಗವಿಲ್ಲ. ರಜೆ ಹೊಂದಿಸಿಕೊಂಡು ಮೂರು ದಿನ ಮೊದಲೇ ಶಿಮ್ಲಾ ತಲುಪಿ. ಅದು ಸುಮಾರು 2,200 ಮೀಟರಿನಲ್ಲಿದೆ, ದೇಹಕ್ಕೆ ಒಳ್ಳೆಯ ಮೆಟ್ಟಿಲು. ತಲೆನೋವಿನ ಜೊತೆ ವಾಕರಿಕೆ ಬಂದರೆ ಮುಚ್ಚಿಡದೆ ಸ್ಪರ್ಧೆಯ ವೈದ್ಯರಿಗೆ ಹೇಳಿ, ಮೇಲಕ್ಕೆ ಹೋಗಬೇಡಿ. ಕಾಲು ನೋವಿಗೆಂದು ಐಬುಪ್ರೊಫೆನ್ ನುಂಗಿ ದಿನವಿಡೀ ತುಳಿಯುವವರನ್ನು ಕಂಡಿದ್ದೇನೆ. ನೀರು ಕಡಿಮೆಯಾದ ದೇಹದಲ್ಲಿ ಆ ಮಾತ್ರೆ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಅದೇ ರೀತಿ ಉಪ್ಪಿಲ್ಲದ ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ತಿರುಗುತ್ತದೆ. ಮೇಷ್ಟ್ರು ಹೇಳಿದ ಪಾನಕದ ಉಪ್ಪನ್ನು ಬಿಡಬೇಡಿ.

ಪ್ಯಾಡ್ ಇರುವ ಚಡ್ಡಿ ಐದು ದಿನಕ್ಕೆ ಐದು ಒಯ್ಯಿರಿ. ಬೆಟ್ಟದ ಚಳಿಯಲ್ಲಿ ಒಗೆದದ್ದು ಒಣಗುವುದಿಲ್ಲ. ಗುರಿ ಮುಟ್ಟಿದ ಹತ್ತು ನಿಮಿಷದೊಳಗೆ ಬೆವರಿನ ಚಡ್ಡಿ ಕಳಚಿ, ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಎಲ್ಲರೂ ಮೊದಲು ಚಹಾ ಕುಡಿಯುತ್ತಾ ಮಾತಿಗೆ ನಿಲ್ಲುತ್ತಾರೆ. ಸೀಟಿನ ಹುಣ್ಣು ಶುರುವಾಗುವುದು ಆ ಅರ್ಧ ಗಂಟೆಯಲ್ಲೇ.

ಜಲೋರಿ ಹತ್ತುವಾಗ ಮೈಯೆಲ್ಲ ಬೆವರು, ಇಳಿಯುವಾಗ ಅದೇ ಬೆವರು ಹಿಮದಂತಾಗುತ್ತದೆ. ನನ್ನ ಬೆರಳುಗಳು ಮರಗಟ್ಟಿ ಬ್ರೇಕ್ ಹಿಡಿಯಲಾರದೆ ಹೋಗಿದ್ದವು. ಪಾಸ್ ಮೇಲಿನ ಚಹಾದಂಗಡಿಯವರು ಒಂದು ಹಳೆಯ ಹಿಂದಿ ದಿನಪತ್ರಿಕೆ ಕೊಟ್ಟರು. ಅದನ್ನು ಎದೆಯ ಮೇಲೆ, ಜಾಕೆಟ್ಟಿನ ಒಳಗೆ ಹರಡಿಕೊಂಡೆ. ಗಾಳಿ ಒಳಗೆ ಬರಲಿಲ್ಲ, ಪಾಸ್ ಕೆಳಗಿನ ಶೋಜಾ ಊರಿನವರೆಗೆ ಮೈ ಬೆಚ್ಚಗಿತ್ತು. ಈಗ ಪ್ರತಿ ಸ್ಪರ್ಧೆಗೂ ಮೈಸೂರಿನಿಂದಲೇ ಒಂದು ಕನ್ನಡ ಪತ್ರಿಕೆ ಮಡಚಿ ಒಯ್ಯುತ್ತೇನೆ.

ಹಾಸನದಿಂದ

ನಾನು ಸೈಕಲ್ ತುಳಿಯುವವಳಲ್ಲ, ತುಳಿಯುವವರ ಹೆಂಡತಿ. ನಿಮ್ಮ ಪ್ರಶ್ನೆಯಲ್ಲಿ ಮಗಳ ವಿಷಯ ಒಂದೇ ಸಾಲಿನಲ್ಲಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವರು ಮೊದಲ ವರ್ಷ ಭಾನುವಾರ "ಹತ್ತಕ್ಕೆ ಬರುತ್ತೇನೆ" ಎಂದು ಹೋಗಿ ಒಂದು ಗಂಟೆಗೆ ಬರುತ್ತಿದ್ದರು. ಬಂದ ಮೇಲೆ ಊಟ, ಆಮೇಲೆ ನಿದ್ರೆ. ನನಗೆ ಅವರು ಐದು ಗಂಟೆ ತುಳಿದದ್ದರ ಮೇಲೆ ಸಿಟ್ಟಿರಲಿಲ್ಲ. ಹತ್ತರಿಂದ ಒಂದರವರೆಗೆ ಕಾಯಿಸಿದ್ದರ ಮೇಲೆ ಸಿಟ್ಟಿತ್ತು, ಘಟ್ಟದಲ್ಲಿ ಏನಾಯಿತೋ ಎಂಬ ಭಯವಿತ್ತು. ಒಂದು ದಿನ ಕುಳಿತು ಮಾತನಾಡಿದೆವು. ಈಗ ಅವರು ಹನ್ನೊಂದು ಎಂದರೆ ಹನ್ನೊಂದು. ದಾರಿ ಉಳಿದಿದ್ದರೂ ತಿರುಗಿ ಬರುತ್ತಾರೆ. ಮೊಬೈಲಿನಲ್ಲಿ ಎಲ್ಲಿದ್ದಾರೆ ಎಂದು ನನಗೆ ಕಾಣುತ್ತದೆ. ಭಾನುವಾರ ಮಧ್ಯಾಹ್ನ ಮಕ್ಕಳು ಅವರ ಪಾಲು, ನಾನು ನನ್ನ ಸಂಗೀತ ಪಾಠಕ್ಕೆ ಹೋಗುತ್ತೇನೆ.

ದಕ್ಷಿಣ ಆಫ್ರಿಕಾದಲ್ಲಿ ಕೇಪ್ ಎಪಿಕ್ ಎಂಬ ಎಂಟು ದಿನದ ಸ್ಪರ್ಧೆ 2004ರಿಂದ ನಡೆಯುತ್ತಿದೆಯಂತೆ. ಅಲ್ಲಿ ಇಬ್ಬಿಬ್ಬರ ತಂಡ, ಜೊತೆಗಾರರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬೀಳಬಾರದು. ನಮ್ಮವರು ಅದನ್ನು ಹೇಳಿದಾಗಿನಿಂದ ನಮ್ಮ ಮನೆಯಲ್ಲಿ "ಎರಡು ನಿಮಿಷ" ಎಂದರೆ "ಸ್ವಲ್ಪ ನಿಲ್ಲಿ, ನಾನು ಹಿಂದೆ ಉಳಿದಿದ್ದೇನೆ" ಎಂದು ಅರ್ಥ. ನಿಮ್ಮ ಮನೆಯವರಿಗೂ ಹಾಗೆ ಹೇಳಲು ಒಂದು ಮಾತು ಇರಲಿ. ಖರ್ಚನ್ನೂ ಬರೆದಿಟ್ಟು ತೋರಿಸಿ: ಪ್ರವೇಶ ಶುಲ್ಕ, ರೈಲು, ಬಿಡಿಭಾಗ, ರಜೆ ಎಲ್ಲ. ಒಂದೊಂದೇ ಪೆಟ್ಟಿಗೆ ಬಾಗಿಲಿಗೆ ಬರುತ್ತಿದ್ದರೆ ಯಾರಿಗಾದರೂ ಬೇಸರವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. ಹಾಸನದ ಅಕ್ಕನವರು ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಹೇಳದೆ ಕ್ಯಾಲೆಂಡರ್ ತಂದು ಮುಂದಿಟ್ಟಳು. ಭಾನುವಾರ ಹತ್ತೂವರೆಯ ಗಡುವು ಒಪ್ಪಿಕೊಂಡಿದ್ದೇನೆ, ಶನಿವಾರ ಸಂಜೆ ಮಗಳೊಂದಿಗೆ ನಾನಿರುತ್ತೇನೆ. ಹಾಗಾಗಿ ಶನಿವಾರದ ತುಳಿತ ಬೆಳಿಗ್ಗೆಯೇ ಆಗಬೇಕು. ಡಿರೇಲರ್ ಹ್ಯಾಂಗರ್ ಎರಡು ತರಿಸಲು ಹೇಳಿದ್ದೇನೆ. ಮೇಷ್ಟ್ರೇ, ಒಂದು ಸಂದೇಹ: ಪಾನಕವನ್ನು ಐದಾರು ಗಂಟೆ ಬಾಟಲಿಯಲ್ಲಿಟ್ಟರೆ ಹುಳಿಯಾಗುವುದಿಲ್ಲವೇ?

ಚಿಕ್ಕಮಗಳೂರಿನ ಶಿಕ್ಷಕ

ಸೆಕೆಯಲ್ಲಿ ಆಗುತ್ತದೆ. ಅದಕ್ಕೇ ಮೊದಲ ಬಾಟಲಿಯನ್ನಷ್ಟೇ ಬೆರೆಸಿಕೊಂಡು ಹೊರಡಿ. ಉಳಿದದ್ದಕ್ಕೆ ಬೆಲ್ಲದ ಪುಡಿ ಮತ್ತು ಉಪ್ಪನ್ನು ತೂಗಿ ಸಣ್ಣ ಪೊಟ್ಟಣ ಕಟ್ಟಿಕೊಳ್ಳಿ, ನೀರು ಕೊಡುವ ಜಾಗದಲ್ಲಿ ಸುರಿದು ಕುಲುಕಿದರಾಯಿತು. ರಾತ್ರಿ ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ. ಮುಚ್ಚಳದ ರಬ್ಬರನ್ನು ಬಿಚ್ಚಿ ತೊಳೆಯಿರಿ, ಬೂಷ್ಟು ಕಟ್ಟುವುದು ಅದರ ಸಂದಿಯಲ್ಲೇ.