ಹೊಸ ಕಾರ್ಡ್ ಹಾಕಿದ ಮೇಲೆ ಎಡಿಟಿಂಗ್ ಇನ್ನೂ ನಿಧಾನ! ಒಳಗಿನ ಗ್ರಾಫಿಕ್ಸನ್ನೂ ಜೊತೆಗೆ ಓಡಿಸಬಹುದಾ?

ಕತ್ತರಿಮಾಸ್ತರ:
ಎಲ್ಲರಿಗೂ ನಮಸ್ಕಾರ. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಮಷೀನು ಕುದುರೆ ಥರ ಓಡುತ್ತೆ ಅಂತ ಕೇಳಿದ್ದೆ. ನನ್ನದು ಮಂಡಿ ಊರಿಕೊಂಡು ಕೂತಿದೆ.

ಇಂಟೆಲ್ ಐ5-12400, 32 ಜಿಬಿ ರ‍್ಯಾಮ್, ವಿಂಡೋಸ್ 11. ಇಷ್ಟು ದಿನ ಕಾರ್ಡೇ ಇಲ್ಲದೆ ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸಲ್ಲೇ ವಿಡಿಯೋ ಎಡಿಟ್ ಮಾಡ್ಕೊಂಡು ಬಂದೆ. ಕಲರ್ ಗ್ರೇಡಿಂಗ್ ಮಾಡುವಾಗ, ನಾಯ್ಸ್ ತೆಗೆಯುವಾಗ ಏದುಸಿರು ಬಿಡ್ತಿತ್ತು, ನಿಜ. ಆದರೆ ಕ್ಯಾಮೆರಾದ ಕ್ಲಿಪ್ ಟೈಮ್‌ಲೈನ್ ಮೇಲಿಟ್ಟು ಪ್ಲೇ ಒತ್ತಿದರೆ ನೀರು ಹರಿದ ಹಾಗೆ ಓಡ್ತಿತ್ತು.

ಮೊನ್ನೆ ಆರ್‌ಟಿಎಕ್ಸ್ 3060 ಹಾಕಿದೆ, 12 ಜಿಬಿಯದು. ಈಗ ಗ್ರೇಡಿಂಗ್ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತೆ. ಆದರೆ ಅದೇ ಕ್ಲಿಪ್ ಪ್ಲೇ ಮಾಡಿದರೆ ಒಂದು ಸೆಕೆಂಡ್ ಓಡಿ ನಿಲ್ಲುತ್ತೆ, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನಿಲ್ಲುತ್ತೆ. ಸಿಪಿಯು 100ಕ್ಕೆ ಅಂಟಿಕೊಂಡಿರುತ್ತೆ, ಕಾರ್ಡ್ ಮಾತ್ರ ಆರಾಮಾಗಿ ಕೂತಿರುತ್ತೆ. ವಿಚಿತ್ರ ಏನಂದ್ರೆ ಫೋನಲ್ಲಿ ತೆಗೆದ ವಿಡಿಯೋಗೆ ಯಾವ ತಕರಾರೂ ಇಲ್ಲ.

ಇನ್ನೊಂದು: ಮದರ್‌ಬೋರ್ಡಿನ ಎಚ್‌ಡಿಎಂಐಗೆ ಎರಡನೇ ಮಾನಿಟರ್ ಚುಚ್ಚಿದರೆ "ಸಿಗ್ನಲ್ ಇಲ್ಲ" ಅನ್ನುತ್ತೆ. ಒಳಗಿನ ಗ್ರಾಫಿಕ್ಸ್ ಸತ್ತೇ ಹೋಯ್ತಾ? ಎರಡನ್ನೂ ಒಟ್ಟಿಗೆ ಓಡಿಸಿ ಅವುಗಳ ಶಕ್ತಿ ಕೂಡಿಸೋಕೆ ಆಗಲ್ವಾ?

ಹಳೇಬೆಸುಗೆ:
ಸತ್ತಿಲ್ಲ, ಮಲಗಿಸಿದ್ದಾರೆ. ಕಾರ್ಡ್ ಕಂಡ ತಕ್ಷಣ ಒಳಗಿನ ಗ್ರಾಫಿಕ್ಸನ್ನು ಆಫ್ ಮಾಡುವುದು ಬಹಳಷ್ಟು ಬೋರ್ಡುಗಳ ಹುಟ್ಟುಗುಣ. ನೀವೇ ಹೋಗಿ ಎಬ್ಬಿಸಬೇಕು.

ಅದಕ್ಕೂ ಮುಂಚೆ ನಿಮ್ಮ ಕ್ಲಿಪ್ಪಿನ ಕಥೆ ಹೇಳಿಬಿಡುತ್ತೇನೆ, ಏಕೆಂದರೆ ಮಜಾ ಇರುವುದು ಅಲ್ಲೇ. ನಿಮ್ಮ ಕ್ಯಾಮೆರಾ ಎಚ್.265ರಲ್ಲಿ (ವಿಡಿಯೋ ಕುಗ್ಗಿಸಿಡುವ ಒಂದು ವಿಧಾನ) 10 ಬಿಟ್ 4:2:2 ಬಣ್ಣದಲ್ಲಿ ರೆಕಾರ್ಡ್ ಮಾಡುತ್ತಿರಬೇಕು. ಫೋನುಗಳು ಸಾಮಾನ್ಯವಾಗಿ 4:2:0 ಬರೆಯುತ್ತವೆ, ಅಂದರೆ ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣದ ಮಾಹಿತಿ. 4:2:2ರಲ್ಲಿ ಅದರ ಎರಡರಷ್ಟು. ಗ್ರೇಡಿಂಗ್‌ಗೆ ಅದು ವರ. ಆದರೆ ಆ ಫೈಲನ್ನು ಬಿಚ್ಚಿ ಓದುವ (ಡಿಕೋಡ್ ಮಾಡುವ) ಹಾರ್ಡ್‌ವೇರ್ ಎಲ್ಲ ಚಿಪ್ಪಿನಲ್ಲೂ ಇಲ್ಲ. ಎನ್‌ವಿಡಿಯಾದಲ್ಲಿ ಅದು ಬಂದದ್ದು ಆರ್‌ಟಿಎಕ್ಸ್ 50 ಸರಣಿಯಿಂದ, 3060ರಲ್ಲಿಲ್ಲ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ 11ನೇ ತಲೆಮಾರಿನಿಂದಲೇ ಇದೆ. ಹಾಗಾಗಿ ನಿಮ್ಮ 12400ರ ಮೂಲೆಯಲ್ಲಿ ಕೂತಿರುವ ಪುಟ್ಟ ಯುಎಚ್‌ಡಿ 730 ಇಷ್ಟು ದಿನ ಸದ್ದಿಲ್ಲದೆ ಆ ಕೆಲಸ ಮಾಡಿಕೊಂಡು ಬಂದಿತ್ತು. ನೀವು ದೊಡ್ಡ ಕಾರ್ಡ್ ತಂದಿರಿ, ಬೋರ್ಡು ಪುಟ್ಟದನ್ನು ಮಲಗಿಸಿತು, ಕಾರ್ಡಿಗೆ ಆ ಫೈಲು ಓದಲು ಬರುವುದಿಲ್ಲ. ಹೊರೆಯೆಲ್ಲ ಸಿಪಿಯು ತಲೆ ಮೇಲೆ ಬಿತ್ತು.

ಈಗ ಎಬ್ಬಿಸುವ ವಿಧಾನ. ಮಷೀನ್ ಆನ್ ಆಗುವಾಗ ಡಿಲೀಟ್ ಒತ್ತಿ ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸ್‌ಗೆ ಹೋಗಿ. "ಐಜಿಪಿಯು ಮಲ್ಟಿ ಮಾನಿಟರ್" ಅಂತಲೋ "ಇಂಟರ್ನಲ್ ಗ್ರಾಫಿಕ್ಸ್" ಅಂತಲೋ ಇರುತ್ತದೆ, ಒಂದೊಂದು ಬೋರ್ಡಿನಲ್ಲಿ ಒಂದೊಂದು ಹೆಸರು. ಅದನ್ನು ಎನೇಬಲ್ ಮಾಡಿ. ಪಕ್ಕದಲ್ಲೇ "ಪ್ರೈಮರಿ ಡಿಸ್‌ಪ್ಲೇ" ಇರುತ್ತದೆ. ಅದು ಕಾರ್ಡ್ ಮೇಲೆಯೇ ಇರಲಿ, ಕೈ ಹಾಕಬೇಡಿ. ವಿಂಡೋಸ್‌ಗೆ ಬಂದ ಮೇಲೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ. ಕೊನೆಗೆ ಎಡಿಟರ್‌ನ ಪ್ರಿಫರೆನ್ಸಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಹತ್ತಿರ ಇಂಟೆಲ್‌ಗೂ ಟಿಕ್ ಹಾಕಿ.

ಬೋರ್ಡಿಗೆ ಮಾನಿಟರ್ ಚುಚ್ಚಲೇಬೇಕೆಂದಿಲ್ಲ. ವಿಂಡೋಸ್ 7ರ ಕಾಲದಲ್ಲಿ ಇಲ್ಲದ ಮಾನಿಟರನ್ನು ಇದೆ ಅಂತ ನಂಬಿಸಿ ಕ್ವಿಕ್ ಸಿಂಕ್ (ಇಂಟೆಲ್ ಗ್ರಾಫಿಕ್ಸಿನ ವಿಡಿಯೋ ಭಾಗ) ಓಡಿಸುತ್ತಿದ್ದೆವು. ಈಗ ಆ ನಾಟಕ ಬೇಡ.

(12400ಎಫ್ ಆಗಿದ್ದರೆ ಇಷ್ಟೂ ವ್ಯರ್ಥ, ಎಫ್ ಅಂದರೆ ಗ್ರಾಫಿಕ್ಸೇ ಇಲ್ಲ. ನಿಮ್ಮದು ಕಾರ್ಡಿಲ್ಲದೆ ಓಡುತ್ತಿತ್ತು ಅಂದಮೇಲೆ ಆ ಅನುಮಾನ ಇಲ್ಲ.)

ಅರೆನಿದ್ದೆ:
ಮೇಲಿನವರು ಹೇಳಿದ್ದು ಸರಿ. ಶಕ್ತಿ ಕೂಡಿಸುವ ಮಾತಿಗೆ ನಾನು ಉತ್ತರ ಕೊಡ್ತೀನಿ: ಆಗಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಆ ಜೋಡಿ ಇದು. ವಿಂಡೋಸ್ ಗೇಮುಗಳು ಬಳಸೋ ಡೈರೆಕ್ಟ್‌ಎಕ್ಸ್ 12ರಲ್ಲಿ ಬೇರೆ ಬೇರೆ ಜಿಪಿಯುಗಳಿಗೆ, ಅಂದರೆ ಗ್ರಾಫಿಕ್ಸ್ ಚಿಪ್ಪುಗಳಿಗೆ, ಒಂದೇ ಗೇಮಿನ ಕೆಲಸ ಹಂಚೋ ದಾರಿ ಇದೆ, ಆದರೆ ಗೇಮ್ ಬರೆಯುವವರೇ ಕೂತು ಅದನ್ನು ಬರೀಬೇಕು. ಬರೆದವರು ಬೆರಳೆಣಿಕೆಯಷ್ಟು. ಎರಡು ಜಿಪಿಯು ಇದ್ದರೆ ಕೆಲಸ ಹಂಚಿಕೊಳ್ತವೆ, ಒಂದೇ ಕೆಲಸಕ್ಕೆ ಇಬ್ಬರೂ ಹೆಗಲು ಕೊಡಲ್ಲ.

ಮತ್ತೆ, ಎರಡನೇ ಮಾನಿಟರನ್ನು ಬೋರ್ಡಿಗೆ ಯಾಕೆ ಚುಚ್ತೀರಿ? 3060 ನಾಲ್ಕು ಮಾನಿಟರ್ ತಡೆಯುತ್ತೆ. ಬೋರ್ಡಿಗೆ ಚುಚ್ಚಿದ ಮಾನಿಟರಿನಲ್ಲಿ ಗೇಮ್ ಆಡಿದರೆ ಏನಾಗುತ್ತೆ ನೋಡಿ. ಚಿತ್ರ ಬರೆಯೋದು ಕಾರ್ಡು, ತೋರಿಸೋದು ಒಳಗಿನ ಗ್ರಾಫಿಕ್ಸು. ಪ್ರತಿ ಫ್ರೇಮೂ ಕಾರ್ಡಿಗೂ ಬೋರ್ಡಿಗೂ ನಡುವಿನ ಪಿಸಿಐಇ ದಾರಿ ಹಿಡಿದು ಮೇನ್ ರ‍್ಯಾಮಿಗೆ ಬರಬೇಕು. 4ಕೆ ಫ್ರೇಮ್ ಅಂದರೆ 3840 ಗುಣಿಸು 2160, ಪಿಕ್ಸೆಲ್‌ಗೆ 4 ಬೈಟ್, ಸುಮಾರು 33 ಎಂಬಿ. ಸೆಕೆಂಡಿಗೆ 60 ಅಂದರೆ ಹತ್ತಿರ ಹತ್ತಿರ 2 ಜಿಬಿ, 144 ಅಂದರೆ 4.8 ಜಿಬಿ. ಪಿಸಿಐಇ 4.0ರ 16 ಲೇನ್ ದಾರಿಗೆ ಸುಮಾರು 31 ಜಿಬಿ ತಾಕತ್ತಿದೆ, ಅಲ್ಲಿ ಇದು ಹೊರೆಯೇ ಅಲ್ಲ. ಆದರೆ ಯಾರಾದರೂ ಕಾರ್ಡನ್ನು ಕೆಳಗಿನ 3.0, 4 ಲೇನ್ ಸ್ಲಾಟಿಗೆ ಹಾಕಿದ್ದರೆ ಇಡೀ ದಾರಿಯೇ 4 ಜಿಬಿಗಿಂತ ಕಮ್ಮಿ, ಅಲ್ಲಿಗೆ ಮುಗೀತು. ದಾರಿ ಅಗಲ ಇದ್ದರೂ ಕಾಪಿ ಮಾಡೋ ಹೊತ್ತು ಇದ್ದೇ ಇದೆ, ಮೌಸ್ ಅಲುಗಿಸಿದ್ದಕ್ಕೂ ಕಣ್ಣಿಗೆ ಕಂಡಿದ್ದಕ್ಕೂ ನಡುವೆ ಒಂಚೂರು ಅಂತರ ಬೀಳುತ್ತೆ. ಕೆಲವು ಬೋರ್ಡುಗಳ ಎಚ್‌ಡಿಎಂಐ ಇನ್ನೂ 1.4, ಅದರಲ್ಲಿ 4ಕೆ ಬರೀ 30 ಹರ್ಟ್ಸ್. ಅಷ್ಟು ಸಾಕು ಅನ್ನೋರು ಚುಚ್ಚಿ.

ಪೆಂಗ್ವಿನ್‌ಪ್ರಿಯ:
@ಅರೆನಿದ್ದೆ, "ಯಾಕೆ ಚುಚ್ತೀರಿ" ಅನ್ನೋದಕ್ಕೆ ನನ್ನ ಹತ್ರ ಕಾರಣ ಇದೆ. ನಾನು ಮಾನಿಟರುಗಳನ್ನೆಲ್ಲ ಬೇಕಂತಲೇ ಬೋರ್ಡಿಗೆ ಚುಚ್ಚಿದ್ದೀನಿ. ನನ್ನ ಕಾರ್ಡು 8 ಜಿಬಿಯದು. ಡೆಸ್ಕ್‌ಟಾಪ್, ಬ್ರೌಸರ್ ಎಲ್ಲ ಸೇರಿ ಅದರಲ್ಲಿ ಹತ್ತಿರತ್ತಿರ 1 ಜಿಬಿ ನುಂಗ್ತಿದ್ವು. ಎಐ ಭಾಷಾ ಮಾದರಿ ಲೋಡ್ ಮಾಡುವಾಗ ಆ 1 ಜಿಬಿಗಾಗಿಯೇ ಒದ್ದಾಡಿದ್ದೀನಿ. ಈಗ ಕಾರ್ಡಿನ ಮೆಮೊರಿ ಪೂರ್ತಿ ಖಾಲಿ, ಬ್ರೌಸರ್ ಒಳಗಿನ ಗ್ರಾಫಿಕ್ಸಲ್ಲಿ ಹಾಯಾಗಿದೆ. ಲಿನಕ್ಸಲ್ಲಿ ಇಡೀ ಕಾರ್ಡನ್ನು ವರ್ಚುವಲ್ ಮಷೀನಿಗೆ ದಾನ ಮಾಡೋದಕ್ಕೂ ಇದೇ ಏರ್ಪಾಡು. ಗೇಮ್ ಆಡೋರ ನಿಯಮ ಎಲ್ಲರಿಗೂ ಹೊಂದಲ್ಲ ಅಂತ ಹೇಳಿದೆ ಅಷ್ಟೇ.

ಅರೆನಿದ್ದೆ:
ಒಪ್ಪಿದೆ. 8 ಜಿಬಿ ಕಷ್ಟ ನನಗೂ ಗೊತ್ತು.

ಕತ್ತರಿಮಾಸ್ತರ:
ಹಳೇಬೆಸುಗೆ ಅವರೇ, ಎರಡು ರಾತ್ರಿ ಆದಮೇಲೆ ಬರೀತಿದ್ದೀನಿ. ಮೊದಲು ತಪ್ಪೊಪ್ಪಿಗೆ. ಪ್ರೈಮರಿ ಡಿಸ್‌ಪ್ಲೇಗೆ ಕೈ ಹಾಕಬೇಡಿ ಅಂದಿದ್ರಿ, ಹಾಕಿದೆ. ಒಳಗಿನ ಗ್ರಾಫಿಕ್ಸನ್ನೇ ಪ್ರೈಮರಿ ಮಾಡಿ ಸೇವ್ ಕೊಟ್ಟೆ. ಫ್ಯಾನ್ ತಿರುಗುತ್ತೆ, ಕೀಬೋರ್ಡ್ ದೀಪ ಉರಿಯುತ್ತೆ, ಸ್ಕ್ರೀನ್ ಮಾತ್ರ ಅಮಾವಾಸ್ಯೆ. ಕಾರ್ಡ್ ಸುಟ್ಟೇ ಹೋಯ್ತು ಅಂದ್ಕೊಂಡು ಬಿಚ್ಚೋಕೆ ಸ್ಕ್ರೂಡ್ರೈವರ್ ಹಿಡಿದು ಮೇಜಿನ ಕೆಳಗೆ ತೂರಿದ್ದೆ. ಆಗ ಹೊಳೀತು, ಕೇಬಲ್ ಕಾರ್ಡಿನಲ್ಲಿದೆ, ಬಯಾಸ್ ಪರದೆ ಬರ್ತಿರೋದು ಬೋರ್ಡಿನ ಕಿಂಡಿಯಲ್ಲಿ! ಕೇಬಲ್ ಅಲ್ಲಿಗೆ ಬದಲಿಸಿದೆ, ಎಲ್ಲ ಕಂಡಿತು. ಪ್ರೈಮರಿಯನ್ನು ವಾಪಸ್ ಕಾರ್ಡಿಗೇ ಇಟ್ಟೆ.

ಡ್ರೈವರ್ ಹಾಕಿ, ಎಡಿಟರಲ್ಲಿ ಟಿಕ್ ಹಾಕಿ, ಅದೇ ಕ್ಲಿಪ್ ತೆಗೆದೆ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್. ಈಗ ಅಲ್ಲಿ ಎರಡು ಜಿಪಿಯು ಸಾಲುಗಳು. ಪ್ಲೇ ಒತ್ತಿದ ಕೂಡಲೇ ಇಂಟೆಲ್ ಸಾಲಿನ "ವಿಡಿಯೋ ಡಿಕೋಡ್" ಗೆರೆ ನೆಲ ಬಿಟ್ಟು ಎದ್ದು 60ರ ಹತ್ತಿರ ನಿಂತಿತು. ಸಿಪಿಯು 100ರಿಂದ 20ಕ್ಕೆ ಇಳೀತು. ಮೇಲೆ ಗ್ರೇಡ್ ಹಾಕಿದೆ, ಆಗ 3060ರ ಗೆರೆ ಎದ್ದಿತು. ಒಬ್ಬ ಬಿಚ್ಚಿ ಕೊಡ್ತಾನೆ, ಇನ್ನೊಬ್ಬ ಬಣ್ಣ ಬಳೀತಾನೆ. ಹತ್ತು ನಿಮಿಷ ಎಡಿಟ್ ಮಾಡೋದು ಬಿಟ್ಟು ಆ ಎರಡು ಗೆರೆಗಳನ್ನೇ ನೋಡ್ತಾ ಕೂತಿದ್ದೆ.

ಎರಡೂ ಮಾನಿಟರನ್ನು ಕಾರ್ಡಿಗೇ ಚುಚ್ಚಿದೆ. ಬೋರ್ಡಿನ ಕಿಂಡಿಗೆ ಮುಚ್ಚಳ.

ಒಂದೇ ಕೊರಗು: ಇನ್ನೊಂದು ಹಳೇ ಕ್ಯಾಮೆರಾ ಇದೆ, ಅದರ ಕ್ಲಿಪ್ ಇನ್ನೂ ತಡವರಿಸುತ್ತೆ. ನಿಜ ಹೇಳಬೇಕಂದ್ರೆ ಕಾರ್ಡ್ ಬರೋಕೆ ಮುಂಚೆಯೂ ತಡವರಿಸ್ತಿತ್ತು.

ಹಳೇಬೆಸುಗೆ:
ಅದು ಎಚ್.264ರಲ್ಲಿ 10 ಬಿಟ್ ಇರಬೇಕು, ಮೀಡಿಯಾಇನ್ಫೋದಲ್ಲಿ ತೆಗೆದು ನೋಡಿ. ಅದನ್ನು ನಿಮ್ಮ ಇಂಟೆಲ್ಲೂ ಓದುವುದಿಲ್ಲ, 3060 ಕೂಡ ಓದುವುದಿಲ್ಲ. ಆ ಕ್ಲಿಪ್ಪುಗಳಿಗೆ ಪ್ರಾಕ್ಸಿ (ಎಡಿಟಿಂಗಿಗಷ್ಟೇ ಬಳಸುವ ಹಗುರ ನಕಲು) ಮಾಡಿಕೊಳ್ಳಿ, ರಾತ್ರಿ ಮಲಗುವ ಮುಂಚೆ ಹಚ್ಚಿಬಿಟ್ಟರೆ ಬೆಳಗ್ಗೆಗೆ ತಯಾರು.

ಮತ್ತೆ ಮುಂದೆಂದಾದರೂ ಬಯಾಸ್ ಅಪ್‌ಡೇಟ್ ಮಾಡಿದ ಮೇಲೆ ಕ್ಲಿಪ್ ನಿಂತು ನಿಂತು ಓಡಿದರೆ ಗಾಬರಿ ಬೀಳಬೇಡಿ, ಸ್ಕ್ರೂಡ್ರೈವರ್ ಅಂತೂ ಹಿಡಿಯಲೇಬೇಡಿ. ಅಪ್‌ಡೇಟ್ ಆದಾಗ ಸೆಟ್ಟಿಂಗುಗಳು ಮೊದಲಿನಂತಾಗಿ ಪುಟ್ಟದು ಮತ್ತೆ ಮಲಗಿರುತ್ತದೆ.

ಕತ್ತರಿಮಾಸ್ತರ:
ನೋಡಿದೆ. ಎಚ್.264, 10 ಬಿಟ್, 4:2:2. ಪ್ರಾಕ್ಸಿ ಹಚ್ಚಿದ್ದೀನಿ, ಇನ್ನೂ 41 ಕ್ಲಿಪ್ ಬಾಕಿ.