ಮೂರು ಮಕ್ಕಳು, ಮೂರು ಹಂತ, ಒಬ್ಬಳೇ ಅಮ್ಮ: ಹೋಮ್‌ಸ್ಕೂಲ್ ಟೈಮ್‌ಟೇಬಲ್ ಹೇಗೆ ಹಾಕೋದು?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಮ್ಮ):

ಮೇಷ್ಟ್ರೇ, ನಮಸ್ಕಾರ. ನಮ್ಮದು ಅಡಿಕೆ ತೋಟದ ನಡುವೆ ಒಂಟಿ ಮನೆ. ಮೂರು ಮಕ್ಕಳು. ದೊಡ್ಡವಳಿಗೆ ಒಂಬತ್ತು, ನಡುವಿನವನಿಗೆ ಆರೂವರೆ, ಚಿಕ್ಕವಳಿಗೆ ಮೂರೂವರೆ. ಶಾಲೆಯ ವ್ಯಾನಿನಲ್ಲಿ ಹೋಗಿ ಬರುವುದಕ್ಕೇ ದಿನಕ್ಕೆ ಎರಡೂವರೆ ಗಂಟೆ ಬೇಕಿತ್ತು. ಹಾಗಾಗಿ ಈ ಜೂನ್‌ನಿಂದ ಮನೆಯಲ್ಲೇ ಓದಿಸುತ್ತಿದ್ದೇವೆ.

ಮೂವರಿಗೂ ಮೂರು ಬಣ್ಣದಲ್ಲಿ ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನಲವತ್ತು ನಿಮಿಷದ ಪೀರಿಯಡ್, ಒಂಬತ್ತರಿಂದ ಒಂದರವರೆಗೆ. ಒಂದು ವಾರವೂ ನಡೆಯಲಿಲ್ಲ. ದೊಡ್ಡವಳಿಗೆ ಭಾಗಾಕಾರ ಹೇಳಿಕೊಡಲು ಕೂತರೆ ಇವನು ‘ಅಮ್ಮಾ, ನಂದು ಮುಂದೇನು?’ ಅಂತಾನೆ. ಇವನ ಕೈ ಹಿಡಿದು ಅಕ್ಷರ ತಿದ್ದಿಸಲು ಹೋದರೆ ಚಿಕ್ಕವಳು ಸ್ಕೆಚ್ ಪೆನ್ ಹಿಡಿದು ಗೋಡೆ ಹತ್ತಿರ ಇರುತ್ತಾಳೆ. ಹನ್ನೊಂದಾಗುವಷ್ಟರಲ್ಲಿ ನಾನು ಕಿರುಚುತ್ತಿರುತ್ತೇನೆ. ಯಜಮಾನರು ತೋಟದಿಂದ ಬಂದು, ನನ್ನ ಮುಖ ನೋಡಿ, ಸುಮ್ನೆ ವಾಪಸ್ ಹೋಗುತ್ತಾರೆ.

ನೀವು ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ತರಗತಿಯನ್ನು ಒಂದೇ ಕೋಣೆಯಲ್ಲಿ ಸಂಭಾಳಿಸಿದವರು. ಮನೆಯಲ್ಲಿ ಇದು ಸಾಧ್ಯವಾ?

ಉತ್ತರ (ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ):

ಮೊದಲು ಫ್ರಿಜ್ಜಿನ ಮೇಲಿನ ಆ ಕಾಗದ ತೆಗೆದುಬಿಡಿ ಅಮ್ಮ. ಅದು ಮೂರು ಟೀಚರ್ ಇರುವ ಶಾಲೆಯ ಟೈಮ್‌ಟೇಬಲ್. ನಿಮ್ಮ ಶಾಲೆಗೆ ಒಬ್ಬರೇ ಟೀಚರ್. ಅಡುಗೆಯವರೂ ಅವರೇ. ಗಣಿತ ಎಷ್ಟು ಹೊತ್ತಿಗೆ, ಕನ್ನಡ ಎಷ್ಟು ಹೊತ್ತಿಗೆ ಅಂತ ಆಮೇಲೆ ನೋಡೋಣ. ಮೊದಲು ನೀವು ಎಷ್ಟು ಹೊತ್ತಿಗೆ ಯಾರ ಪಕ್ಕ ಕೂತಿರುತ್ತೀರಿ ಅನ್ನೋದನ್ನು ಬರೆಯಿರಿ. ಒಂದೇ ಕಾಗದ ಸಾಕು.

ನಿಮ್ಮ ತಪ್ಪನ್ನೇ ನಾನೂ ಮಾಡಿದವನು. ನಲಿ-ಕಲಿ ಶುರುವಾದದ್ದು 1995ರಲ್ಲಿ, ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ, ಹಳ್ಳಿ ಮಕ್ಕಳು ಪಾಠದ ಕಾರ್ಡ್ ಹಿಡಿದು ತಮ್ಮ ಪಾಡಿಗೆ ಕಲಿಯುವುದನ್ನು ನೋಡಿ ಬಂದಿದ್ದರು. ನನ್ನ ಶಾಲೆಗೆ ಅದು ಬಂದದ್ದು ಬಹಳ ತಡವಾಗಿ. ಮೊದಲ ವರ್ಷ ನಾನು ಎಲ್ಲ ಗುಂಪಿನಲ್ಲೂ ಇರಲು ಹೋದೆ. ಒಂದು ಗುಂಪಿಗೆ ಅರ್ಧ ವಾಕ್ಯ, ಇನ್ನೊಂದಕ್ಕೆ ಕಾಲು ವಾಕ್ಯ. ಆಗಸ್ಟ್ ಹೊತ್ತಿಗೆ ಗಂಟಲು ಕಟ್ಟಿಹೋಗಿ ಬಿಸಿನೀರು ಕುಡಿದೇ ಪಾಠ ಮಾಡಿದ್ದಾಯಿತು.

ಆ ಪದ್ಧತಿಯ ಜೀವ ಇರುವುದು ತಟ್ಟೆಗಳಲ್ಲಿ. ಐದು ತಟ್ಟೆ, ಐದು ಗುಂಪು. ಒಂದಕ್ಕೆ ಟೀಚರ್ ಪೂರ್ತಿ ಬೆಂಬಲ. ಒಂದಕ್ಕೆ ಸ್ವಲ್ಪ. ಎರಡು ಗುಂಪಿನಲ್ಲಿ ಮಕ್ಕಳೇ ಮಕ್ಕಳಿಗೆ ನೆರವು. ಕೊನೆಯದರಲ್ಲಿ ಮಗು ಒಂಟಿಯಾಗಿ ಮಾಡುತ್ತದೆ. ಒಂದೇ ಪಾಠ ಹಿಡಿದು ಮಗು ತಟ್ಟೆಯಿಂದ ತಟ್ಟೆಗೆ ಸಾಗುತ್ತದೆ. ಯಾವ ಹೊತ್ತಿನಲ್ಲಿ ಯಾರಿಗೆ ಟೀಚರ್ ಬೇಕೇ ಬೇಕು, ಯಾರಿಗೆ ಬೇಡ ಅನ್ನುವುದು ಕಣ್ಣಿಗೇ ಕಾಣುತ್ತದೆ.

ನಿಮ್ಮ ಮನೆಗೆ ಮೂರು ತಟ್ಟೆ ಸಾಕು. ಅಡುಗೆಮನೆಯ ಸ್ಟೀಲ್ ತಟ್ಟೆಯನ್ನೇ ತಗೊಳ್ಳಿ. ಅಮ್ಮನ ತಟ್ಟೆ, ಮಕ್ಕಳೇ ಸೇರಿ ಮಾಡುವ ಜೊತೆ ತಟ್ಟೆ, ಒಂಟಿ ತಟ್ಟೆ. ಹಿಂದಿನ ರಾತ್ರಿಯೇ ಪ್ರತಿ ಮಗುವಿನ ಕೆಲಸವನ್ನು ಈ ತಟ್ಟೆಗಳಲ್ಲಿ ಹಾಕಿಡಿ. ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಹಾಕುತ್ತೇನೆ ಅಂದರೆ ಆಗುವುದಿಲ್ಲ, ದೋಸೆ ಕಾವಲಿ ಬಿಡುವುದಿಲ್ಲ.

ಈಗ ಮುಖ್ಯ ಮಾತು. ಹೊಸ ಪಾಠ ಅಮ್ಮನ ತಟ್ಟೆಯಲ್ಲಿ ಮಾತ್ರ. ಒಂಟಿ ತಟ್ಟೆಯಲ್ಲಿ ಮಗುವಿಗೆ ಈಗಾಗಲೇ ಬರುವುದು ಮಾತ್ರ. ನಿಮ್ಮ ಮಗ ‘ಮುಂದೇನು?’ ಅಂತ ಕೂಗುವುದು ತುಂಟತನಕ್ಕಲ್ಲ. ಬಾರದ ಕೆಲಸ ಕೊಟ್ಟು ಒಂಟಿ ಕೂರಿಸಿದ್ದೀರಿ, ಇಲ್ಲವೇ ಐದು ನಿಮಿಷಕ್ಕೆ ಮುಗಿಯುವ ಕೆಲಸ ಕೊಟ್ಟಿದ್ದೀರಿ. ಒಂಟಿ ತಟ್ಟೆಯಲ್ಲಿ ಯಾವಾಗಲೂ ಒಂದು ಕೆಲಸ ಜಾಸ್ತಿ ಇರಲಿ. ಚಿತ್ರ ಬಿಡಿಸುವುದೋ, ಹುಣಸೆಬೀಜ ಹತ್ತತ್ತು ಗುಡ್ಡೆ ಹಾಕುವುದೋ, ಏನಾದರೂ.

ಇನ್ನು ಯಾರಿಂದ ಶುರು ಮಾಡುವುದು? ದೊಡ್ಡವಳಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅವಳ ಪಾಠ ಕಷ್ಟ ಅಲ್ವಾ ಅಂತ. ನಾನು ಹೇಳುವುದು ಉಲ್ಟಾ. ಚಿಕ್ಕವಳಿಂದ ಶುರು ಮಾಡಿ. ಹದಿನೈದು ನಿಮಿಷ ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರದ ಪುಸ್ತಕ, ಒಂದು ಹಾಡು. ಫೋನ್ ಮುಟ್ಟಬೇಡಿ. ಆ ಹೊತ್ತಿಗೆ ಅವರಿಬ್ಬರಿಗೂ ಒಂಟಿ ತಟ್ಟೆ. ಅಮ್ಮ ಸಿಕ್ಕ ಮೇಲೆ ಆ ಮಗು ಒಂದಷ್ಟು ಹೊತ್ತು ತನ್ನ ಪಾಡಿಗೆ ಆಡುತ್ತದೆ. ಸಿಗದಿದ್ದರೆ ಗೋಡೆ ಮೇಲೆ ಬರೆದಾದರೂ ಕರೆಸಿಕೊಳ್ಳುತ್ತದೆ.

ಆಮೇಲೆ ಇಪ್ಪತ್ತು ನಿಮಿಷ ನಡುವಿನವನು. ಆಮೇಲೆ ಎಲ್ಲರೂ ಅಂಗಳಕ್ಕೆ, ಅರ್ಧ ಗಂಟೆ. ಒಳಗೆ ಬಂದ ಮೇಲೆ ದೊಡ್ಡವಳಿಗೆ ಅರ್ಧ ಗಂಟೆ, ಭಾಗಾಕಾರ ಆಗ. ಅದು ಹೆಚ್ಚುಕಮ್ಮಿ ಹನ್ನೊಂದು ಗಂಟೆ, ಯಜಮಾನರು ಬರುವ ಹೊತ್ತು. ಅವರು ವಾಪಸ್ ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಚಿಕ್ಕವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಲಿ.

ಇಷ್ಟೇನಾ ಅಂತ ನಿಮಗೆ ಅನ್ನಿಸುತ್ತದೆ. ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ಅಂದರೆ ದಿನಕ್ಕೆ ನಾಲ್ಕು ಗಂಟೆ. 30 ಮಕ್ಕಳಿಗೆ ಒಬ್ಬ ಟೀಚರ್. ಆ 240 ನಿಮಿಷವನ್ನು 30 ಮಕ್ಕಳಿಗೆ ಹಂಚಿದರೆ ತಲೆಗೆ ಎಂಟು ನಿಮಿಷ. ನಿಮ್ಮ ಮಗನಿಗೆ ಇಪ್ಪತ್ತು ನಿಮಿಷ ಸಿಗುತ್ತಿದೆ. ಹಾಗಾಗಿ ಒಂಬತ್ತರಿಂದ ಒಂದು ಅನ್ನುವ ಹಟ ಬಿಡಿ. ಹನ್ನೊಂದೂವರೆಗೆ ಮುಗಿಸಿ ಅನ್ನಕ್ಕಿಡಿ.

ಎಲ್ಲವನ್ನೂ ಹಂತ ಹಂತವಾಗಿ ಒಡೆಯಲೂಬೇಕಿಲ್ಲ. ಕೆಲವು ಪಾಠ ಮೂವರಿಗೂ ಒಂದೇ, ಅವರವರ ಕೈಗೆ ಎಟುಕಿದಷ್ಟು. ನಲಿ-ಕಲಿ ಕೋಣೆಯಲ್ಲಿ ದಿನ ಶುರುವಾಗುವುದೇ ಹವಾಮಾನ ನಕ್ಷೆಯಿಂದ. ನೀವಿರುವುದು ಮಳೆಯ ಊರು. ನೇರ ಗೋಡೆಯ ಒಂದು ಗಾಜಿನ ಡಬ್ಬಿಯನ್ನು ಅಂಗಳದಲ್ಲಿ ಮರದ ಹನಿ ಬೀಳದ ಕಡೆ ಇಡಿ. ಬೆಳಿಗ್ಗೆ ಚಿಕ್ಕವಳು ಮೋಡದ ಚಿತ್ರವೋ ಸೂರ್ಯನ ಚಿತ್ರವೋ ಅಂಟಿಸಲಿ. ಇವನು ಸ್ಕೇಲಿಟ್ಟು ನೀರು ಎಷ್ಟು ಮಿಲಿಮೀಟರ್ ಅಂತ ಓದಲಿ. ದೊಡ್ಡವಳು ಬರೆದಿಟ್ಟು ವಾರದ ಕೊನೆಗೆ ಕೂಡಲಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ನಿಮ್ಮ ಅಂಗಳಕ್ಕೆ ಎಷ್ಟು ಕೊಡ ಬಿತ್ತು ಅಂತ ಅವಳನ್ನೇ ಕೇಳಿ. ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆ ಲೆಕ್ಕ ನನಗೆ ಗೊತ್ತಿಲ್ಲ.

ಮಗನ ಅಕ್ಷರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅ ಆ ಇ ಈ ಅಂತ ವರ್ಣಮಾಲೆಯ ಸಾಲು ಹಿಡಿದು ತಿದ್ದಿಸುತ್ತಿದ್ದರೆ ಸ್ವಲ್ಪ ನಿಲ್ಲಿಸಿ. ನಲಿ-ಕಲಿಯಲ್ಲಿ ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ. ಆದರೆ ಐದು ಕಲಿತ ದಿನವೇ ಮಗು ಸರ, ದರ, ಅರಸ, ಅಗಸ, ಗರಗಸ ಅಂತ ಓದುತ್ತದೆ. ಓದಲು ಬಂದ ಮಗುವನ್ನು ಒಂಟಿ ತಟ್ಟೆಗೆ ಕೂರಿಸುವುದು ಸುಲಭ. ಬರೀ ಅಕ್ಷರ ತಿದ್ದುವ ಮಗು ಎರಡು ಸಾಲಿಗೆ ಬೇಸತ್ತು ನಿಮ್ಮ ಸೆರಗು ಎಳೆಯುತ್ತದೆ.

ಮರುಪ್ರಶ್ನೆ (ಅದೇ ಅಮ್ಮ):

ಅಂಗಳಕ್ಕೆ ಡಬ್ಬಿ ಇಟ್ಟಾಯಿತು ಮೇಷ್ಟ್ರೇ! ಜೊತೆ ತಟ್ಟೆ ಬಗ್ಗೆ ಒಂದು ಮಾತು. ತಮ್ಮನಿಗೆ ಅಕ್ಕನೇ ಹೇಳಿಕೊಡಲಿ ಅಂದರೆ ನನಗೆ ಬಿಡುವು ಸಿಗುತ್ತದೆ ನಿಜ. ಆದರೆ ಅವಳು ನನಗಿಂತ ಜೋರು. ನಿನ್ನೆ ಅವನ ತಲೆಗೆ ಸ್ಕೇಲಲ್ಲಿ ಹೊಡೆದಳು.

ಉತ್ತರ:

ಯಾರನ್ನು ನೋಡಿ ಕಲಿತಳು ಅಂತ ಕೇಳುವುದಿಲ್ಲ, ಬಿಡಿ.

ಜೊತೆ ತಟ್ಟೆ ದಿನಕ್ಕೆ ಹತ್ತೇ ನಿಮಿಷ. ಅಕ್ಕ ಪಾಠ ಮಾಡುವುದು ಬೇಡ. ಅವಳು ಕಥೆ ಓದಲಿ, ಅವನು ಕೇಳಲಿ. ಅಥವಾ ಅವಳು ಪದ ಹೇಳಲಿ, ಅವನು ಬರೆಯಲಿ. ಇಲ್ಲವೇ ಇಬ್ಬರೂ ಅಂಗಡಿ ಆಟ ಆಡಲಿ, ಚಿಲ್ಲರೆ ಲೆಕ್ಕ ಅವನದು. ತಪ್ಪು ತಿದ್ದುವ ಅಧಿಕಾರ ಅವಳಿಗೆ ಕೊಡಬೇಡಿ. ಅದು ಅಮ್ಮನ ತಟ್ಟೆಯ ಕೆಲಸ.

ಇದರಲ್ಲಿ ನನಗೊಂದು ಪಶ್ಚಾತ್ತಾಪ ಇದೆ. ನನ್ನ ತರಗತಿಯಲ್ಲಿ ಮೂರನೇ ಕ್ಲಾಸಿನ ಒಬ್ಬ ಹುಡುಗಿ ಬಹಳ ಚುರುಕು. ಚಿಕ್ಕವರನ್ನೆಲ್ಲ ಅವಳಿಗೇ ಒಪ್ಪಿಸುತ್ತಿದ್ದೆ. ಚಿಕ್ಕವರು ಚೆನ್ನಾಗಿ ಕಲಿತರು. ವರ್ಷದ ಕೊನೆಗೆ ನೋಡಿದರೆ ಅವಳ ಸ್ವಂತ ಕಲಿಕೆಯ ಏಣಿಯಲ್ಲಿ (ಪಾಠಗಳನ್ನು ಮೆಟ್ಟಿಲಿನಂತೆ ಜೋಡಿಸಿದ ಪಟ್ಟಿ) ಎಷ್ಟೋ ಮೆಟ್ಟಿಲು ಹಾಗೇ ಉಳಿದಿದ್ದವು. ಮನೆಯಲ್ಲೂ ದೊಡ್ಡ ಮಗಳಿಗೇ ಇದು ಆಗುವುದು. ಚಿಕ್ಕವಳನ್ನು ನೋಡಿಕೋ, ತಮ್ಮನಿಗೆ ಹೇಳಿಕೊಡು ಅಂತ ಅವಳ ಬೆಳಿಗ್ಗೆ ಕರಗಿಹೋಗುತ್ತದೆ. ಅವಳ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ.

ಇನ್ನೊಬ್ಬರು (ಮೈಸೂರು):

ನಾವು ಟೈಮ್‌ಟೇಬಲ್ಲೇ ಇಟ್ಟಿಲ್ಲ ಸರ್. ಮಗುವಿಗೆ ಬೇಕಾದಾಗ ಕಲಿಯುತ್ತೆ. ಶಾಲೆ ಬಿಟ್ಟು ಬಂದು ಮನೆಯಲ್ಲೂ ಗಂಟೆ ಹೊಡೆಯಬೇಕಾ?

ಉತ್ತರ:

ನಿಮಗೆ ಒಂದೇ ಮಗು ಇರಬೇಕು, ಅಲ್ವಾ? ಒಂದೇ ಮಗುವಾದರೆ ನಿಮ್ಮ ಮಾತು ನಡೆಯುತ್ತದೆ. ಮೂವರಿದ್ದಾಗ ವ್ಯವಸ್ಥೆ ಇಲ್ಲದಿದ್ದರೆ ಜೋರಾಗಿ ಅಳುವ ಮಗುವಿಗೆ ಅಮ್ಮ ಸಿಗುತ್ತಾಳೆ. ಸುಮ್ಮನಿರುವ ಮಗುವಿಗೆ ಸಿಗುವುದಿಲ್ಲ. ಗಂಟೆ ಹೊಡೆಯುವುದು ಬೇಡ ಅನ್ನುವುದನ್ನು ಒಪ್ಪುತ್ತೇನೆ. ಸರದಿ ಗೊತ್ತಿದ್ದರೆ ಸಾಕು. ಒಂಬತ್ತೂಕಾಲೋ ಒಂಬತ್ತೂಮುಕ್ಕಾಲೋ, ಚಿಕ್ಕವಳಾದ ಮೇಲೆ ತನ್ನದು ಅಂತ ಹುಡುಗನಿಗೆ ಗೊತ್ತಿರಲಿ.

ಮತ್ತೊಬ್ಬರು (ಬೆಂಗಳೂರಿನ ಅಪ್ಪ):

ಮಕ್ಕಳಿಬ್ಬರು, ಹತ್ತು ಮತ್ತು ಆರು. ನನಗೆ ವರ್ಕ್ ಫ್ರಮ್ ಹೋಮ್, ಹತ್ತಕ್ಕೆ ಮೀಟಿಂಗ್ ಶುರು. ಹೆಂಡತಿಗೆ ಆಸ್ಪತ್ರೆ ಡ್ಯೂಟಿ. ಇನ್ನೊಂದು, ಮುಂದೆ ಪರೀಕ್ಷೆ ಕಥೆ ಏನು?

ಉತ್ತರ:

ಏಳೂವರೆಯಿಂದ ಒಂಬತ್ತೂವರೆ ನಿಮ್ಮ ತಟ್ಟೆ, ಇಬ್ಬರ ಹೊಸ ಪಾಠವೂ ಆಗಲೇ ಆಗಬೇಕು. ಮೀಟಿಂಗ್ ಹೊತ್ತಿಗೆ ಒಂಟಿ ತಟ್ಟೆ. ಮೀಟಿಂಗ್ ನಡುವೆ ಮ್ಯೂಟ್ ಮಾಡಿ ಭಿನ್ನರಾಶಿ ಹೇಳಿಕೊಡಲು ಹೋಗಬೇಡಿ, ಆಫೀಸೂ ಕೆಡುತ್ತದೆ, ಭಿನ್ನರಾಶಿಯೂ ಕೆಡುತ್ತದೆ. ಸಂಜೆ ಹೆಂಡತಿ ಬಂದ ಮೇಲೆ ಕಥೆ ಓದುವುದು ಅವರದಾಗಲಿ. ಪಾಠ ಬೇಡ, ಪಾಪ ದಣಿದಿರುತ್ತಾರೆ.

ಪರೀಕ್ಷೆಗೆ ಎನ್‌ಐಒಎಸ್ ಅನ್ನುವ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ. ಅಲ್ಲಿ ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ನಡುವೆ ಯಾವಾಗಲಾದರೂ ಶಾಲೆಗೆ ವಾಪಸ್ ಹೋಗಬೇಕು ಅನ್ನಿಸಿದರೆ, ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ರಾಜ್ಯ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎಲ್ಲ ತರಗತಿಯ ಪುಸ್ತಕವೂ ಉಚಿತವಾಗಿ ಸಿಗುತ್ತದೆ. ಇಳಿಸಿಕೊಂಡು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಮಗು ಎಲ್ಲಿದೆ ಅಂತ ಮೂರು ತಿಂಗಳಿಗೊಮ್ಮೆ ಅಳೆದು ನೋಡಲು ಬರುತ್ತದೆ.

ತೀರ್ಥಹಳ್ಳಿಯ ಅಮ್ಮ, ಮೂರು ವಾರದ ನಂತರ:

ಮೇಷ್ಟ್ರೇ, ವರದಿ ಒಪ್ಪಿಸುತ್ತೇನೆ. ಕಿರುಚುವುದು ನಿಂತಿಲ್ಲ, ಕಮ್ಮಿಯಾಗಿದೆ. ಚಿಕ್ಕವಳು ಬೆಳಿಗ್ಗೆ ತಾನೇ ತಟ್ಟೆ ತಂದು ‘ನಂದು ಫಸ್ಟು’ ಅಂತ ಕೂರುತ್ತಾಳೆ. ಮಗ ಗರಗಸ ಅಂತ ಓದಿ, ಮರ ಕೊಯ್ಯುವವರ ಹತ್ತಿರ ಹೋಗಿ ಗರಗಸ ತೋರಿಸಿ ಅಂದನಂತೆ. ಆದರೆ ಸಂತೆ ದಿನ ಮತ್ತು ಅತ್ತೆಯವರ ಆಸ್ಪತ್ರೆ ದಿನ ಎಲ್ಲ ಕೆಟ್ಟುಹೋಗುತ್ತದೆ. ಮುಂದೆ ಅಡಿಕೆ ಗೊನೆ ಕೊಯ್ಲು ಬೇರೆ ಬರುತ್ತಿದೆ. ಆಗ ಮನೆ ತುಂಬ ಜನ, ಅಡಿಕೆ ಸುಲಿಯುವವರು, ಅವರಿಗೆ ಕಾಫಿ ತಿಂಡಿ.

ಉತ್ತರ:

ಸಂತೆ ದಿನಕ್ಕೆ ರಜೆ ಕೊಡಿ, ಭಾನುವಾರ ಪಾಠ ಮಾಡಿ. ನಿಮ್ಮ ಶಾಲೆಗೆ ಭಾನುವಾರವೇ ರಜೆ ಅಂತ ಯಾರು ಹೇಳಿದರು? ಆಸ್ಪತ್ರೆ ದಿನ ಪೂರ್ತಿ ಒಂಟಿ ತಟ್ಟೆ ಮತ್ತು ಅಪ್ಪ.

ಕೊಯ್ಲಿನ ಹೊತ್ತಲ್ಲಿ ಒದ್ದಾಡಬೇಡಿ. ಮಳೆಗಾಲದಲ್ಲಿ ಹೇಗೂ ಹೊರಗೆ ಹೋಗುವ ಹಾಗಿಲ್ಲ. ಈಗಲೇ ದಿನಕ್ಕೆ ಕಾಲು ಗಂಟೆ ಜಾಸ್ತಿ ಕೂರಿಸಿ. ಕೊಯ್ಲಿನಲ್ಲಿ ಹೊಸ ಪಾಠ ಪೂರ್ತಿ ನಿಲ್ಲಿಸಿ, ಬೆಳಿಗ್ಗೆ ಓದು ಅರ್ಧ ಗಂಟೆ ಮಾತ್ರ ಇಟ್ಟುಕೊಳ್ಳಿ. ಯಾರು ಎಷ್ಟು ಡಬ್ಬ ಸುಲಿದರು, ಡಬ್ಬಕ್ಕೆ ಎಷ್ಟು ಕೂಲಿ, ಒಟ್ಟು ಎಷ್ಟಾಯಿತು ಅಂತ ಲೆಕ್ಕದ ಪುಸ್ತಕ ದೊಡ್ಡವಳ ಕೈಗೆ ಕೊಡಿ. ತಪ್ಪು ಬರೆದರೆ ಸುಲಿಯುವವರೇ ಜಗಳಕ್ಕೆ ಬರುತ್ತಾರೆ, ನೀವು ತಿದ್ದಬೇಕಿಲ್ಲ. ಆದರೆ ಸಂಜೆ ದುಡ್ಡು ಕೊಡುವ ಮೊದಲು ಯಜಮಾನರು ಒಂದು ಸಲ ಕಣ್ಣಾಡಿಸಲಿ.