ಹೊಯ್ಗೆ ಹಿತ್ತಿಲಲ್ಲಿ ಕೇಪಳ: ಹೊಸ ಎಲೆ ಯಾಕೆ ಹಳದಿ?

ಕೇಳಿದವರು, ಮಲ್ಪೆ: ಮನೆ ಕಡಲ ಹತ್ತಿರ, ಹಿತ್ತಿಲು ಪೂರ್ತಿ ಹೊಯ್ಗೆ. ಕಂಪೌಂಡ್ ಗೋಡೆ ಬದಿಗೆ ಕಾಡು ಕೇಪಳ (ಇಕ್ಸೋರಾ ಹೂಗಿಡ) ನೆಟ್ಟಿದ್ದೇನೆ. ಗಿಡ ಬದುಕಿದೆ, ಆದರೆ ಕುಡಿ ಎಲ್ಲ ಹಳದಿ, ಹೂವಿಲ್ಲ. ಬೆಳೆಸಿದವರು ಸ್ವಲ್ಪ ಹೇಳಿ.

ಸುರತ್ಕಲ್‌ನಿಂದ: ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ನರ ಹಸಿರು, ನಡುವೆ ಹಳದಿ, ಅದೂ ಹೊಸ ಎಲೆಯಲ್ಲೇ ಅಂದ್ರೆ ಕಬ್ಬಿಣದ ಕೊರತೆ. ಹಳೇ ಎಲೆಯಿಂದ ಹಳದಿ ಶುರುವಾಗಿದ್ದರೆ ಮಳೆಗೆ ಗೊಬ್ಬರ ತೊಳೆದು ಹೋಗಿದೆ ಅಂತ, ಅದು ಬೇರೆ ಕಥೆ. ಕೇಪಳ ಮುರಕಲ್ಲು ಗುಡ್ಡೆಯ ಗಿಡ, ಹುಳಿ ಮಣ್ಣು ಬೇಕು. ಕಡಲ ಹೊಯ್ಗೆಯಲ್ಲಿ ಚಿಪ್ಪಿನ ಚೂರು ಇರುತ್ತದೆ, ಅದು ಸುಣ್ಣವೇ ಅಲ್ವಾ? ಗೋಡೆಯ ಸಿಮೆಂಟಿನಿಂದಲೂ ಸುಣ್ಣ ಇಳಿಯುತ್ತದೆ. ಸುಣ್ಣ ಜಾಸ್ತಿಯಾದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಒಂದು ಚಮಚ ಒಣ ಹೊಯ್ಗೆಗೆ ವಿನೆಗರ್ ಹಾಕಿ. ಗುಳ್ಳೆ ಎದ್ದರೆ ಅನುಮಾನವೇ ಬೇಡ.

ಮಳೆ ಹಿಡಿದ ಮೇಲೆ ಗೋಡೆಯಿಂದ 3 ಅಡಿಯಾದರೂ ದೂರ ಹೊಸ ಗುಂಡಿ ತೆಗೆಯಿರಿ. ಗುಡ್ಡೆಯ ಕೆಂಪು ಮಣ್ಣು, ಹಟ್ಟಿಗೊಬ್ಬರ, ಕೊಳೆತ ತರಗೆಲೆ ತುಂಬಿ ಅಲ್ಲಿಗೆ ಗಿಡ ಬದಲಿಸಿ. ಬುಡಕ್ಕೆ ಸೊಪ್ಪು ಮುಚ್ಚುತ್ತಲೇ ಇರಬೇಕು, ಹೊಯ್ಗೆಯಲ್ಲಿ ಏನೂ ನಿಲ್ಲುವುದಿಲ್ಲ. ಮತ್ತೆ, ಬಚ್ಚಲೊಲೆ ಬೂದಿ ದಯವಿಟ್ಟು ಬೇಡ. ತೆಂಗಿಗೆ ಹಾಕಿದ ಹಾಗೆ ಸುಮ್ನೆ ಇದಕ್ಕೂ ಸುರಿಯುತ್ತಾರೆ. ಬೂದಿಯೂ ಸುಣ್ಣದ ಗುಣದ್ದೇ.

ಕುಂದಾಪುರದಿಂದ: ಮಳೆಗಾಲದ ತನಕ ಕಾಯುವ ತಾಳ್ಮೆ ಇಲ್ಲದಿದ್ದರೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸಿಂಪಡಿಸಿ. ಲೀಟರ್ ನೀರಿಗೆ 5 ಗ್ರಾಂ, ಸ್ವಲ್ಪ ಲಿಂಬೆರಸ, ಸಂಜೆ ಹೊತ್ತು ಎಲೆಗೆ. ಬುಡಕ್ಕೆ ಹಾಕಿದರೆ ಸುಣ್ಣದ ಮಣ್ಣಲ್ಲಿ ದಂಡ. ಇದು ತಾತ್ಕಾಲಿಕ, ಮೇಲಿನವರು ಹೇಳಿದ್ದು ಮಾಡಲೇಬೇಕು.

ಕಾರವಾರದಿಂದ: ಹೂವಿನ ವಿಷಯ ಯಾರೂ ಹೇಳಲಿಲ್ಲ. ಕೇಪಳದ ಗೊಂಚಲು ಬರುವುದು ಗೆಲ್ಲಿನ ತುದಿಯಲ್ಲಿ. ಬೇಲಿ ಚಂದ ಕಾಣಲಿ ಅಂತ ಆಗಾಗ ಕತ್ತರಿ ಆಡಿಸಿದರೆ ಮೊಗ್ಗೆಲ್ಲಾ ಹೋಯಿತು. ಗೊಂಚಲು ಬಾಡಿದ ಮೇಲೆ ಒಮ್ಮೆ ಸವರಿದರೆ ಸಾಕು. ಹಣ್ಣು ಬೇಕಿದ್ದರೆ ಅದನ್ನೂ ಬಿಡಿ, ಪಿಕಳಾರಗಳಿಗಾಗುತ್ತದೆ, ಮಕ್ಕಳಿಗೂ. ಇನ್ನು ಎಲೆಯ ಅಂಚು ಸುಟ್ಟ ಹಾಗಾದರೆ ಅದು ಉಪ್ಪುಗಾಳಿ. ಮನೆಯ ಪೂರ್ವಕ್ಕೆ ನೆಡಿ, ಕಡಲ ಬದಿಗೆ ನೆಕ್ಕಿ ಗಿಡದ ಮರೆ ಇರಲಿ. ಕೇದಗೆ ಹಾಕಿ ಅಂತ ಯಾರಾದರೂ ಹೇಳಿಯಾರು. ಸಣ್ಣ ಹಿತ್ತಿಲಾದರೆ ಆ ಮುಳ್ಳಿನ ಸಹವಾಸ ಬೇಡ.

ಉಳ್ಳಾಲದಿಂದ: ಬಾವಿ ನೀರು ಮೇ ತಿಂಗಳಲ್ಲಿ ಉಪ್ಪಾಗುತ್ತದಾ? ಮೊದಲು ಅದನ್ನು ಹೇಳಿ. ಹೌದಾದರೆ ಮೇಲಿನದ್ದೆಲ್ಲ ಮಾಡಿಯೂ ಬೇಸಿಗೆಗೆ ಮಳೆನೀರು ಹಿಡಿದಿಟ್ಟು ಹಾಕಬೇಕಾಗುತ್ತದೆ.